ತೆಂಗಿನ ಗರಿಯನ್ನ ಕಸದ ಗಾಡಿಗೆ ಹಾಕ್ಬೋದಾ? ಕಸದ ಶುಲ್ಕ ಮತ್ತು ನಮ್ಮ ತೋಟದ ಕಸ

ಪೇಟೆ ಅಂಚಿನಲ್ಲಿ ಮನೆ ಮತ್ತು ತೋಟ ಎರಡೂ ಇರೋರು ಕೇಳೋ ಪ್ರಶ್ನೆ ಇದು: ‘ಕಸದ ಶುಲ್ಕ ತಪ್ಪದೆ ಕಟ್ತೀವಿ. ಆದ್ರೆ ಗಾಡಿಯೋರು ತೆಂಗಿನ ಗರಿ, ಮಾವಿನ ಕೊಂಬೆ ಮುಟ್ಟೋದೇ ಇಲ್ಲ. ಹಾಗಾದ್ರೆ ಆ ದುಡ್ಡು ಯಾವುದಕ್ಕೆ?’

ರಾಮನಗರ, ಚನ್ನಪಟ್ಟಣ, ಕನಕಪುರಗಳಲ್ಲಿ ನಗರಸಭೆ ಇದೆ, ಮಾಗಡಿಯಲ್ಲಿ ಪುರಸಭೆ. (ಜಿಲ್ಲೆಗೆ 2025ರಲ್ಲಿ ಬೆಂಗಳೂರು ದಕ್ಷಿಣ ಅಂತ ಹೆಸರು ಬಂತು. ಬಾಯಲ್ಲಿ ಇನ್ನೂ ರಾಮನಗರವೇ, ಇಲ್ಲೂ ಹಾಗೇ ಬರೆದಿದ್ದೀನಿ.) ಊರು ಬೆಳೆದ ಹಾಗೆ ಮನೆ ವಾರ್ಡಿನೊಳಗೆ ಸೇರಿತು. ಹಿತ್ತಲಲ್ಲಿ ಹತ್ತು ತೆಂಗು, ಎರಡು ಮಾವು, ಅದರಾಚೆಗೆ ಅರ್ಧ ಎಕರೆ ಹಿಪ್ಪುನೇರಳೆ ಹಾಗೇ ಉಳೀತು. ತಕರಾರು ಶುರುವಾಗೋದೇ ಅಲ್ಲಿಂದ.

ನೀವು ಕಟ್ಟೋ ಶುಲ್ಕ ಮುಖ್ಯವಾಗಿ ಮನೆ ಕಸಕ್ಕೆ: ಅಡುಗೆಮನೆಯ ಹಸಿ ಕಸ, ಕಾಗದ, ಪ್ಲಾಸ್ಟಿಕ್. ತೋಟದ ಕಸದ ಮಾತು ಬೇರೆ. ಕೇಂದ್ರದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇದಕ್ಕೆ ಪ್ರತ್ಯೇಕ ಸಾಲೇ ಇತ್ತು. ತೋಟದ ಕಸವನ್ನ ನಿಮ್ಮ ಜಾಗದಲ್ಲೇ ಬೇರೆಯಾಗಿ ಇಟ್ಕೊಂಡು, ಸ್ಥಳೀಯ ಸಂಸ್ಥೆ ಹೇಳಿದ ಹಾಗೆ ವಿಲೇವಾರಿ ಮಾಡಬೇಕು ಅಂತ. ಅದೇ ನಿಯಮ ನಗರಸಭೆಗೂ ಒಂದು ಹೊಣೆ ಹೊರಿಸಿತ್ತು: ಉದ್ಯಾನ, ತೋಟಗಳ ಕಸವನ್ನ ಬೇರೆಯಾಗಿ ಸಂಗ್ರಹಿಸಿ, ಆದಷ್ಟೂ ಉದ್ಯಾನಗಳಲ್ಲೇ ಸಂಸ್ಕರಿಸಬೇಕು. ಆದ್ದರಿಂದ ಗರಿ ಹಾಕ್ಕೊಳ್ಳಲ್ಲ ಅಂದ ಪೌರಕಾರ್ಮಿಕರ ಮೇಲೆ ರೇಗಿ ಪ್ರಯೋಜನವಿಲ್ಲ. ಆದ್ರೆ ‘ಗರಿ ಎಲ್ಲಿಗೆ ಹಾಕ್ಬೇಕು, ಯಾವತ್ತು ಗಾಡಿ ಕಳಿಸ್ತೀರಿ, ಎಷ್ಟು ಕಟ್ಬೇಕು’ ಅಂತ ನಗರಸಭೆಯ ಆರೋಗ್ಯ ಶಾಖೆಯನ್ನ ಕೇಳೋದು ನಿಮ್ಮ ಹಕ್ಕು. ಬಾಯಿಮಾತು ಸಾಲದು, ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸ್ಕೊಳ್ಳಿ.

ಶುಲ್ಕ ಎಷ್ಟು ಅನ್ನೋದು ಸಂಸ್ಥೆಯ ಉಪವಿಧಿಯಲ್ಲಿ ಇರಬೇಕು. ಯಾರೋ ಬಂದು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಅನುಮಾನ ಬಂದ್ರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಉಪವಿಧಿಯ ಪ್ರತಿ ಕೇಳಿ. ರಸೀದಿ ಕೊಡದೆ ಗಾಡಿ ಹತ್ತಿರ ಇಸ್ಕೊಳ್ಳೋ ದುಡ್ಡು ಶುಲ್ಕ ಅಲ್ಲ, ಅಷ್ಟು ಗೊತ್ತಿರಲಿ.

ಆಸ್ತಿ ತೆರಿಗೆ ರಸೀದಿ ಓದೋವಾಗ ಬಹಳ ಜನ ಒಂದು ಕಡೆ ಎಡವ್ತಾರೆ. ಅದರಲ್ಲಿ ಆರೋಗ್ಯ ಕರ ಅಂತ ತೆರಿಗೆಯ ಮೇಲೆ ನೂರಕ್ಕೆ 15 ಇರುತ್ತೆ. ‘ಆರೋಗ್ಯ ಕರ ಕಟ್ಟಿದ್ದೀನಲ್ಲ, ಕಸ ಎತ್ರಿ’ ಅಂದ್ರೆ ವಾದ ನಿಲ್ಲಲ್ಲ. ಅದು 1962ರ ಕಾಯ್ದೆಯಡಿ ರಾಜ್ಯ ಸರ್ಕಾರಕ್ಕೆ ಹೋಗೋ ಹಣ. ಗ್ರಂಥಾಲಯ ಕರ, ಭಿಕ್ಷುಕರ ಕರಗಳಿಗೂ ಅವುಗಳದೇ ದಾರಿ ಇದೆ. ಕಸಕ್ಕೆ ಅಂತ ಇರೋ ಸಾಲು ಬೇರೆ, ಅದನ್ನ ಹುಡುಕಿ ನೋಡಿ.

ಪಂಚಾಯಿತಿ ವ್ಯಾಪ್ತಿಯೋರಿಗೆ ಲೆಕ್ಕ ಇನ್ನೂ ಸರಳ. 1993ರ ಪಂಚಾಯತ್ ರಾಜ್ ಕಾಯ್ದೆ ಪ್ರಕಾರ ಕೃಷಿ ಕಂದಾಯಕ್ಕೆ ಒಳಪಟ್ಟ ಜಮೀನಿಗೆ ಪಂಚಾಯಿತಿ ತೆರಿಗೆ ಹಾಕೋಹಾಗಿಲ್ಲ, ಮನೆ ಕಟ್ಟಡಕ್ಕೆ ಹಾಕಬಹುದು. ಸ್ವಸಹಾಯ ಸಂಘದ ಹೆಣ್ಮಕ್ಕಳು ನಡೆಸೋ ಸ್ವಚ್ಛವಾಹಿನಿ ಗಾಡಿಯೂ ಒಣ ಕಸಕ್ಕೇ ಹೆಚ್ಚು ಗಮನ ಕೊಡೋದು. ಹೊಲದ ಕಸ ಹೊಲದೋನದೇ.

ಈಗ ಬೆಂಗಳೂರು ನೋಡಿ. ಅಲ್ಲಿ 2025ರ ಏಪ್ರಿಲ್‌ನಿಂದ ಆಸ್ತಿ ತೆರಿಗೆ ಜೊತೆಗೇ ಕಸದ ಬಳಕೆದಾರರ ಶುಲ್ಕ ಶುರುವಾಯ್ತು. ಕಟ್ಟಡ 600 ಚದರಡಿಯೊಳಗಿದ್ರೆ ತಿಂಗಳಿಗೆ 10 ರೂಪಾಯಿ, 4,000 ಚದರಡಿ ದಾಟಿದ್ರೆ 400. ಇಂಗ್ಲೆಂಡಿನಲ್ಲಂತೂ ಎಷ್ಟೋ ಕಡೆ ಹಿತ್ತಲ ಹುಲ್ಲು-ಎಲೆಗೇ ಅಂತ ಬೇರೆ ಡಬ್ಬ ಕೊಟ್ಟು, ಅದಕ್ಕೆ ವರ್ಷದ ಚಂದಾ ಬೇರೆ ತಗೋತಾರೆ. ನಮ್ಮ ಕಡೆಗೂ ಇಂಥದ್ದು ಬರಲ್ಲ ಅಂತ ಹೇಳಕ್ಕಾಗಲ್ಲ.

ಗಾಡಿ ಬರಲಿಲ್ಲ ಅಂತ ಬೆಂಕಿ ಇಡೋದು, ಅರ್ಕಾವತಿ ದಡಕ್ಕೋ ಕೆರೆ ಏರಿ ಕೆಳಕ್ಕೋ ಸುರಿಯೋದು ಎರಡೂ ತಪ್ಪು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಪ್ರಕರಣ ಮುಂದೆ ಹಸಿರು ನ್ಯಾಯಮಂಡಳಿಗೆ ಬಂತು. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಅಂತ 2016ರ ಡಿಸೆಂಬರ್‌ನಲ್ಲಿ ಆದೇಶವಾಯ್ತು. ದಂಡದ ಮಾತು ಬಿಡಿ, ರೇಷ್ಮೆ ಸಾಕೋ ಮನೆಗೆ ಹೊಗೆ ನುಗ್ಗಿದ್ರೆ ಹುಳು ಸೊಪ್ಪು ತಿನ್ನೋದು ಬಿಡ್ತವೆ. ಪಕ್ಕದೋರ ಬೆಳೆ ಹೋದ್ರೆ ಜಗಳ ದಂಡಕ್ಕಿಂತ ದೊಡ್ಡದಾಗುತ್ತೆ.

ಇನ್ನು ಅಸಲು ಲೆಕ್ಕಕ್ಕೆ ಬರೋಣ. ಒಂದು ತೆಂಗಿನ ಮರ ವರ್ಷಕ್ಕೆ ಸುಮಾರು 12 ಗರಿ ಉದುರಿಸುತ್ತೆ. ಹತ್ತು ಮರ ಅಂದ್ರೆ 120, ತಿಂಗಳಿಗೆ ಹತ್ತು. ಇಷ್ಟಕ್ಕೆ ಟ್ರಾಕ್ಟರ್ ಬಾಡಿಗೆ ಕೊಟ್ಟು ಹೊರಗೆ ಹಾಕಿಸಿ, ಮಾರನೇ ತಿಂಗಳು ಅಂಗಡಿಯಿಂದ ಗೊಬ್ಬರದ ಚೀಲ ತರೋದು ಯಾವ ಬೇಸಾಯ? ಪೇಟೆಯ ಹಸಿ ಕಸವನ್ನೇ ಗೊಬ್ಬರ ಮಾಡಿ ರೈತರಿಗೆ ಮಾರೋಕೆ ಅಂತ ಬೆಂಗಳೂರಲ್ಲಿ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ 1975ರಲ್ಲೇ ಶುರುವಾಗಿದೆ!

ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯೋರ ಲೆಕ್ಕದಲ್ಲಿ, ಚೆನ್ನಾಗಿ ನೋಡ್ಕೊಂಡ ಒಂದು ಹೆಕ್ಟೇರ್ ತೆಂಗಿನಿಂದ ವರ್ಷಕ್ಕೆ 6ರಿಂದ 8 ಟನ್ ಗರಿ ಸಿಗುತ್ತೆ. ಎರೆಹುಳುವಿಗೆ ಕೊಟ್ರೆ ಅದರ ಸುಮಾರು 70 ಭಾಗ ಗೊಬ್ಬರವಾಗಿ ವಾಪಸ್ ಬರುತ್ತೆ. ಅವರ ವಿಧಾನ ಕಷ್ಟದ್ದಲ್ಲ. ಗರಿಗಳನ್ನ ಎರಡು-ಮೂರು ತಿಂಗಳು ಮಳೆ-ಬಿಸಿಲಿಗೆ ಬಿಡಿ. ಗಟ್ಟಿ ಎಡೆಮಟ್ಟೆ ಕತ್ತರಿಸಿ ತೆಗೆದು, ಉಳಿದದ್ದನ್ನ ನೆರಳಿನಲ್ಲಿರೋ ತೊಟ್ಟಿಗೆ ತುಂಬಿ. ಹತ್ತು ಪಾಲು ಗರಿಗೆ ಒಂದು ಪಾಲು ಸಗಣಿ ಬಗ್ಗಡ. ಎರಡು-ಮೂರು ವಾರ ನೀರು ಚಿಮುಕಿಸಿ, ಕಾವು ಇಳಿದ ಮೇಲೆ ಟನ್ನಿಗೆ ಒಂದು ಕೆ.ಜಿ. ಎರೆಹುಳು ಬಿಡಿ. ಅಲ್ಲಿಂದ 60–75 ದಿನಕ್ಕೆ ಗೊಬ್ಬರ ರೆಡಿ. ನರೇಗಾದಲ್ಲಿ ಕಟ್ಟಿಸ್ಕೊಂಡ ತೊಟ್ಟಿ ಖಾಲಿ ಬಿದ್ದಿದ್ರೆ ಅದೇ ಸಾಕು. ಇಷ್ಟೂ ಬೇಡ ಅನ್ನೋರು ಗರಿ ತುಂಡು ಮಾಡಿ ಮರದ ಸುತ್ತ ಆರಡಿ ಪಾತಿಗೆ ಮುಚ್ಚಿ, ಬೇಸಿಗೆಯಲ್ಲಿ ತೇವ ನಿಲ್ಲುತ್ತೆ.

ಎರಡು ಎಚ್ಚರಿಕೆ. ಕೊಳೆಯೋ ತಿಪ್ಪೆಯಲ್ಲಿ ರೈನೋಸಾರಸ್ ದುಂಬಿ, ಅಂದ್ರೆ ಕುರುವಾಯಿ, ಮೊಟ್ಟೆ ಇಡುತ್ತೆ. ಆಗಾಗ ತಿರುವಿ ಬೆಳ್ಳಗಿನ ದಪ್ಪ ಮರಿಹುಳು ಆರಿಸಿ ಕೊಲ್ಲಿ. ಮೆಟಾರೈಜಿಯಂ ಶಿಲೀಂಧ್ರ ಸಿಕ್ಕಿದ್ರೆ ತಿಪ್ಪೆಗೆ ಬೆರೆಸಿ. ಎರಡನೇದು ನಮ್ಮ ಕಡೆಯೋರಿಗೇ: ಸುಣ್ಣಕಟ್ಟು, ಹಾಲು ರೋಗ ಬಂದ ರೇಷ್ಮೆ ಹುಳುಗಳನ್ನ, ಆ ಬೆಳೆಯ ಹಿಕ್ಕೆ-ಕಡ್ಡಿಯನ್ನ ಕಸದ ಗಾಡಿಗೆ ಹಾಕ್ಬೇಡಿ, ಹಸಿಯಾಗಿ ತೋಟಕ್ಕೂ ಎರಚಬೇಡಿ. ಗಾಡಿ ಹತ್ತು ಹುಳುಮನೆ ಮುಂದೆ ಹೋಗುತ್ತೆ. ಸತ್ತ ಹುಳುಗಳನ್ನ ಸುಣ್ಣ ಹಾಕಿ ಆಳಕ್ಕೆ ಹೂತುಬಿಡಿ.

ಹಾಗಾದ್ರೆ ದುಡ್ಡು ಕೊಟ್ಟು ಸಾಗಿಸ್ಬೇಕಾದ್ದು ಏನೂ ಇಲ್ವಾ? ಇದೆ. ಬಿದ್ದ ಮರದ ದಿಮ್ಮಿ, ಸೌದೆಗೂ ಆಗದ ಬೊಡ್ಡೆ, ಹರಿದ ಮಲ್ಚಿಂಗ್ ಹಾಳೆ, ಹಳೇ ಡ್ರಿಪ್ ಪೈಪು. ಪ್ಲಾಸ್ಟಿಕ್ ಅನ್ನ ಒಣ ಕಸದ ಜೊತೆ ಕೊಡಿ. ಮರದ್ದಕ್ಕೆ ನಾಲ್ಕು ಮನೆ ಸೇರಿ ಒಂದೇ ದಿನ ಗಾಡಿ ಕೇಳಿದ್ರೆ ಖರ್ಚು ಹಂಚಿಹೋಗುತ್ತೆ. ನಗರಸಭೆಯಿಂದ ಉತ್ತರ ಬರದಿದ್ರೆ ಪೌರಾಡಳಿತ ಇಲಾಖೆಯ ಜನಹಿತ ಆ್ಯಪ್‌ನಲ್ಲಿ ಫೋಟೋ ಸಮೇತ ದೂರು ಹಾಕಿ, ಪಂಚಾಯಿತಿಯೋರಾದ್ರೆ ಪಿಡಿಒಗೆ ಅರ್ಜಿ ಕೊಡಿ. ಹೋಗೋವಾಗ ಈ ವರ್ಷದ ತೆರಿಗೆ ರಸೀದಿಯ ಜೆರಾಕ್ಸ್ ಜೊತೆಗಿರಲಿ. ಇನ್ನೂ ಕಟ್ಟಿಲ್ಲ ಅಂದ್ರೆ, ನಗರಸಭೆ-ಪುರಸಭೆಗಳಲ್ಲಿ ಏಪ್ರಿಲ್‌ನೊಳಗೆ ಪೂರ್ತಿ ಕಟ್ಟೋರಿಗೆ ಆಸ್ತಿ ತೆರಿಗೆಯಲ್ಲಿ ನೂರಕ್ಕೆ 5 ರಿಯಾಯಿತಿ ಇದೆ.