15 ಅಂಗಿ ಬದಲಿಸಿದ ಆಟಗಾರ

ಫುಟ್‌ಬಾಲ್ ಆಟಗಾರನ ಬದುಕು ಎಂದರೆ ನಮ್ಮ ಕಣ್ಣ ಮುಂದೆ ಬರುವುದು ಮೆಸ್ಸಿಯಂಥವರ ಚಿತ್ರ. 13ನೇ ವಯಸ್ಸಿಗೆ ಬಾರ್ಸಿಲೋನಾಕ್ಕೆ ಬಂದು, ಎರಡು ದಶಕ ಅದೇ ಬಣ್ಣದ ಅಂಗಿಯಲ್ಲಿ ಮೆರೆದವರು ಅವರು. ಹೀಗೆ ಒಂದೇ ಕಡೆ ನೆಲೆನಿಲ್ಲದೆ ಆಗಾಗ ಗಂಟುಮೂಟೆ ಕಟ್ಟಿ ಹೊಸ ಊರಿಗೆ ಹೊರಡುವ ಆಟಗಾರನಿಗೆ ಇಂಗ್ಲೆಂಡಿನಲ್ಲಿ ‘ಜರ್ನಿಮನ್’ ಎಂಬ ಹೆಸರಿದೆ. ಆ ಮಾತಿನಲ್ಲಿ ಒಂದಿಷ್ಟು ಅಸಡ್ಡೆಯೂ ಬೆರೆತಿರುತ್ತದೆ: ಏನೋ ಆಗಬೇಕಿದ್ದವನು, ಆಗದೆ ಹೋದ ಎಂಬ ಧಾಟಿ. ನಾಟಿಂಗ್‌ಹ್ಯಾಮ್‌ನಲ್ಲಿ 1983ರಲ್ಲಿ ಹುಟ್ಟಿದ ವಿಂಗರ್ ಜರ್ಮೇನ್ ಪೆನಂಟ್ ಬಗ್ಗೆ ಬರೆಯುವವರೂ ಈ ಧಾಟಿಯನ್ನು ಬಿಡುವುದಿಲ್ಲ. ನಾಲ್ಕು ದೇಶಗಳ 15 ಕ್ಲಬ್‌ಗಳಲ್ಲಿ ಅವರು ಆಡಿದರು. ಇಷ್ಟು ಕಡೆ ಬೇಡವಾದರಲ್ಲ ಎಂದು ಕನಿಕರಿಸುವವರು, ಅಷ್ಟೇ ಕಡೆ ಅವರು ಬೇಕಾಗಿದ್ದರು ಎಂಬುದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಲೆದಾಟವನ್ನೇ ಸೋಲಿನ ಗುರುತು ಎಂದು ಓದುವುದು ತಪ್ಪು. ವಿಂಗರ್ ಮಾಡುವ ಕೆಲಸ, ಆಟಗಾರರನ್ನು ಕೊಳ್ಳುವ ಮಾರುಕಟ್ಟೆ, ಇವೆರಡರ ಸ್ವಭಾವದಲ್ಲೇ ಈ ಅಲೆದಾಟ ಅಡಗಿದೆ.

ಮೊದಲು ಕೆಲಸವನ್ನು ನೋಡೋಣ. ವಿಂಗರ್ ಮೈದಾನದ ಅಂಚಿನಲ್ಲಿ ದುಡಿಯುವವನು. ಎದುರಿನ ರಕ್ಷಕನನ್ನು ಓಟದಲ್ಲಿ ಹಿಂದಿಕ್ಕಿ, ಗೋಲಿನ ಮುಂದೆ ಕಾದಿರುವವರಿಗೆ ಚೆಂಡನ್ನು ತೂರಿಕೊಡುವುದು ಅವನ ಕಸುಬು. ಅದಕ್ಕೆ ಬಂಡವಾಳ ಕಾಲಿನ ವೇಗ. ವಯಸ್ಸಿಗೆ ಮೊದಲು ಬಲಿಯಾಗುವುದೂ ಅದೇ. ಕೋಚ್ ಬದಲಾದರೆ ತಂಡದ ರಚನೆ ಬದಲಾಗುತ್ತದೆ. ಕೆಲವು ರಚನೆಗಳಲ್ಲಿ ವಿಂಗರ್‌ಗೆ ಜಾಗವೇ ಇಲ್ಲ. ಪೆನಂಟ್ ಬಲ ಅಂಚಿನಲ್ಲಿ ಬಲಗಾಲಿನಿಂದ ಆಡುವ ಹಳೆಯ ಪದ್ಧತಿಯವರು. ಅವರು ಆಡುತ್ತಿದ್ದ ವರ್ಷಗಳಲ್ಲೇ ಎಡಗಾಲಿನವನನ್ನು ಬಲಕ್ಕೆ, ಬಲಗಾಲಿನವನನ್ನು ಎಡಕ್ಕೆ ನಿಲ್ಲಿಸಿ, ಒಳನುಗ್ಗಿ ಗೋಲು ಹೊಡೆಸುವ ಕ್ರಮ ದೊಡ್ಡ ಕ್ಲಬ್‌ಗಳಲ್ಲಿ ಬೇರೂರಿತು. ಆರ್ಯೆನ್ ರಾಬೆನ್ ಹೆಸರಾದದ್ದು ಹಾಗೆ ಆಡಿಯೇ. ಕಲಿತ ವಿದ್ಯೆ ಮಾಸದಿದ್ದರೂ ಅದಕ್ಕೆ ಗಿರಾಕಿ ಕಡಿಮೆಯಾದರೆ ಕುಶಲಕರ್ಮಿ ಊರು ಬಿಡುತ್ತಾನೆ. ಯಕ್ಷಗಾನದ ವೇಷಧಾರಿ ಮೇಳ ಬದಲಿಸಿದರೆ ಅವನಿಗೆ ಕುಣಿತ ಬಾರದು ಎಂದು ಯಾರೂ ತೀರ್ಮಾನಿಸುವುದಿಲ್ಲ.

ಇನ್ನು ಮಾರುಕಟ್ಟೆ. 1999ರ ಜನವರಿಯಲ್ಲಿ, ನಾಟ್ಸ್ ಕೌಂಟಿಯಲ್ಲಿದ್ದ ಪೆನಂಟ್‌ಗೆ ಆರ್ಸೆನಲ್ ಸುಮಾರು 20 ಲಕ್ಷ ಪೌಂಡ್ ತೆತ್ತಿತು. ಹುಡುಗನಿಗೆ ಆಗಷ್ಟೇ 16 ತುಂಬುತ್ತಿತ್ತು. ತರಬೇತಿಯ ಹಂತದ ಆಟಗಾರನಿಗೆ ಅದು ಅಂದಿನ ದಾಖಲೆ ಬೆಲೆ. ಆದರೆ ಅಲ್ಲಿನ ಎರಡೂ ಅಂಚುಗಳಲ್ಲಿ ಬೇಗನೆ ಫ್ರೆಡ್ರಿಕ್ ಯೂಂಗ್‌ಬೆರಿ, ರಾಬರ್ಟ್ ಪಿರೆಸ್ ಬೇರುಬಿಟ್ಟರು. ಆರು ವರ್ಷಗಳಲ್ಲಿ ಪೆನಂಟ್‌ಗೆ ಸಿಕ್ಕಿದ್ದು 12 ಲೀಗ್ ಪಂದ್ಯ. ಅಲ್ಲಿ ಹೊಡೆದ ಮೂರು ಲೀಗ್ ಗೋಲುಗಳೂ ಒಂದೇ ಸಂಜೆಯವು. ಇಂಥ ಹುಡುಗರನ್ನು ಕ್ಲಬ್‌ಗಳು ಸಣ್ಣ ತಂಡಗಳಿಗೆ ಸಾಲ ಕೊಡುತ್ತವೆ. 2003–04ರಲ್ಲಿ ಸಾಲದ ಮೇಲೆ ಲೀಡ್ಸ್‌ಗೆ ಹೋದ ಪೆನಂಟ್ ಒಂದೇ ಋತುವಿನಲ್ಲಿ 36 ಲೀಗ್ ಪಂದ್ಯ ಆಡಿದರು. ಇದರ ಜೊತೆಗೆ, ಬೆಲ್ಜಿಯಂನ ಆಟಗಾರ ಬೊಸ್ಮನ್ ಹೂಡಿದ್ದ ಮೊಕದ್ದಮೆಯಲ್ಲಿ 1995ರಲ್ಲಿ ಬಂದ ಯೂರೋಪಿನ ನ್ಯಾಯಾಲಯದ ತೀರ್ಪು, ಕರಾರು ಮುಗಿದವನು ಹಳೆಯ ಕ್ಲಬ್‌ಗೆ ಬಿಡಿಗಾಸೂ ಕೊಡಿಸದೆ ಒಕ್ಕೂಟದ ಯಾವ ದೇಶಕ್ಕಾದರೂ ಹೋಗುವ ದಾರಿ ತೆರೆದಿತ್ತು. 2009ರಲ್ಲಿ ಪೆನಂಟ್ ಲಿವರ್‌ಪೂಲ್ ಬಿಟ್ಟು ಸ್ಪೇನಿನ ಜರಗೋಜಾ ಸೇರಿದ್ದು ಆ ದಾರಿಯಲ್ಲೇ. ಹೋಗುವ ಬಾಗಿಲುಗಳು ಇಷ್ಟು ತೆರೆದಿರುವಾಗ ಒಂದೇ ಕಡೆ ಉಳಿಯುವುದೇ ಅಪರೂಪದ ಸಂಗತಿ.

ಕುಣಿಯಲಾರದವನು ನೆಲ ಡೊಂಕು ಎಂದ ಹಾಗಾಯಿತು ಎಂದು ಕೆಲವರು ಆಕ್ಷೇಪಿಸಬಹುದು. ಅದರಲ್ಲಿ ಹುರುಳಿದೆ. 2005ರಲ್ಲಿ ಕುಡಿದು ಕಾರು ಓಡಿಸಿದ ಅಪರಾಧಕ್ಕೆ ಪೆನಂಟ್ ಜೈಲಿಗೆ ಹೋದರು. ಬಿಡುಗಡೆಯಾದ ಮೇಲೆ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಕಟ್ಟಿಕೊಂಡೇ ಬರ್ಮಿಂಗ್‌ಹ್ಯಾಮ್ ಪರ ಆಡಿದರು. ಆ ತಪ್ಪಿನ ಹೊಣೆ ಕೋಚ್‌ನದೂ ಅಲ್ಲ, ಮಾರುಕಟ್ಟೆಯದೂ ಅಲ್ಲ. ಶಿಸ್ತು ಇನ್ನಷ್ಟು ಇದ್ದಿದ್ದರೆ ಇಂಗ್ಲೆಂಡಿನ ಹಿರಿಯರ ತಂಡದ ಅಂಗಿ ದಕ್ಕುತ್ತಿತ್ತೇನೋ. ಅದು ಕೊನೆಗೂ ದಕ್ಕಲಿಲ್ಲ. ಆದರೆ ಅಲೆದಾಟಕ್ಕೆಲ್ಲ ಇದೇ ಕಾರಣ ಎನ್ನುವಂತಿಲ್ಲ. ಜೈಲಿನ ಮರುವರ್ಷವೇ ಲಿವರ್‌ಪೂಲ್ ಅವರಿಗೆ 67 ಲಕ್ಷ ಪೌಂಡ್ ಸುರಿಯಿತು. 2007ರ ಮೇ 23ರಂದು ಅಥೆನ್ಸ್‌ನಲ್ಲಿ ಎ.ಸಿ. ಮಿಲಾನ್ ವಿರುದ್ಧ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಅವರು ಮೊದಲ ಹನ್ನೊಂದರಲ್ಲಿದ್ದರು. 2011ರಲ್ಲಿ ಸ್ಟೋಕ್ ಸಿಟಿ ಎಫ್.ಎ. ಕಪ್ ಫೈನಲ್ ಆಡಿದಾಗಲೂ ಬಲ ಅಂಚಿನಲ್ಲಿ ಅವರೇ. ಎರಡೂ ಕಡೆ ತಂಡ ಸೋತಿತು, ನಿಜ. ಆದರೆ ಫೈನಲ್ ಸೋಲಬೇಕಾದರೂ ಫೈನಲ್ ತನಕ ಹೋಗಬೇಕು. ವೃತ್ತಿಪರ ಆಟಗಾರರಲ್ಲಿ ಬಹುಪಾಲು ಜನರಿಗೆ ಅದೂ ಸಿಗುವುದಿಲ್ಲ.

ತಾರೆಗೂ ಅಲೆಮಾರಿಗೂ ನಾವು ಎಳೆಯುವ ಗೆರೆ ಎಷ್ಟು ತೆಳುವಾದದ್ದು ಎಂಬುದಕ್ಕೆ ಸಾಕ್ಷಿ ಭಾರತದಲ್ಲೇ ಇದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಪೆನಂಟ್ ಪುಣೆ ಸಿಟಿಗೆ ಬಂದರು. ಒಂದು ಕಾಲಕ್ಕೆ ಆರ್ಸೆನಲ್‌ನಲ್ಲಿ ಅವರಿಗೆ ಜಾಗ ಬಿಡದಿದ್ದ ಯೂಂಗ್‌ಬೆರಿ ಅದೇ ಋತುವಿನಲ್ಲಿ ಮುಂಬೈ ಪರ, ಪಿರೆಸ್ ಗೋವಾ ಪರ ಆಡಿದರು. ಆ ಇಬ್ಬರ ಕೊರಳಲ್ಲಿ ಪದಕಗಳಿದ್ದವು ಎಂಬುದು ನಿಜ, ಅವು ಸುಮ್ಮನೆ ಬಂದವೂ ಅಲ್ಲ. ಆದರೆ ವಯಸ್ಸಾದ ಮೇಲೆ ಮೂವರಿಗೂ ಹೊಸ ಊರು ಹುಡುಕುವುದು ತಪ್ಪಲಿಲ್ಲ. ಪೆನಂಟ್ ಅಲ್ಲಿಂದ ವಿಗನ್‌ಗೆ, ಆಮೇಲೆ ಸಿಂಗಪುರದ ಟ್ಯಾಂಪಿನೀಸ್ ರೋವರ್ಸ್‌ಗೆ, ಕೊನೆಗೆ ಇಂಗ್ಲೆಂಡಿನ ಕೆಳಹಂತದ ತಂಡಗಳಿಗೆ ಹೋದರು. ಅಲೆಮಾರಿಯ ದುಡಿಮೆ ಎಲ್ಲಿ ಸೇರಿಹೋಗುತ್ತದೆ ಎನ್ನುವವರು ಆರ್ಸೆನಲ್‌ನ 49 ಲೀಗ್ ಪಂದ್ಯಗಳ ಅಜೇಯ ಓಟವನ್ನು ಬುಡದಿಂದ ನೋಡಬೇಕು. ಅದು ಶುರುವಾದದ್ದು 2003ರ ಮೇ 7ರಂದು, ಸೌತಾಂಪ್ಟನ್ ವಿರುದ್ಧ 6–1ರ ಗೆಲುವಿನೊಂದಿಗೆ. ಆ ಆರು ಗೋಲುಗಳಲ್ಲಿ ಮೂರು ಪಿರೆಸ್ ಅವರವು, ಮೂರು ಪೆನಂಟ್ ಅವರವು.