ಎಣ್ಣೆಗೆ ನೀರಿನ ಕಾವಲು

ದೊಡ್ಡಬಳ್ಳಾಪುರ ತಾಲ್ಲೂಕಿನ ಚಿಕ್ಕಮಧುರೆಯಲ್ಲಿ ಶನಿಮಹಾತ್ಮನ ಭಕ್ತರು ಎಳ್ಳೆಣ್ಣೆಯ ದೀಪ ಹಚ್ಚುತ್ತಾರೆ. ಆದರೆ ಆ ನೆಲವನ್ನು ಎಷ್ಟು ಆಳ ಕೊರೆದರೂ ಕಲ್ಲೆಣ್ಣೆ ದೊರೆಯದು. ಕಲ್ಲೆಣ್ಣೆ ಹುಟ್ಟುವುದು ಪ್ರಾಚೀನ ಜಲಾಶಯಗಳ ತಳದಲ್ಲಿ ಪದರಪದರವಾಗಿ ಕುಳಿತ ಶಿಲೆಗಳಲ್ಲಿ. ಮಧುರೆಯ ಅಡಿಯಲ್ಲಿರುವುದೋ ೨೫೦ ಕೋಟಿ ವರ್ಷಗಳಿಗೂ ಹಳೆಯದಾದ ಗಟ್ಟಿ ನೈಸ್ ಶಿಲೆ. ಅದರ ಬಿರುಕುಗಳಲ್ಲಿ ಸಿಗುವುದು ನೀರು ಮಾತ್ರ. ಕೊಳವೆಬಾವಿ ತೋಡಿಸಿದ ರೈತರೆಲ್ಲ ಇದನ್ನು ಬಲ್ಲರು.

ಸೋಜಿಗವೆಂದರೆ, ಇದೇ ಕುಲದ ಕಲ್ಲು ನಮ್ಮ ಕರಾವಳಿಯಲ್ಲಿ ದೇಶದ ಎಣ್ಣೆಯ ಕಣಜವಾಗಿದೆ. ೧೯೯೦ರಲ್ಲಿ ಇರಾಕ್ ಕುವೈತಿನ ಮೇಲೆ ದಂಡೆತ್ತಿ ಹೋದಾಗ ಎಣ್ಣೆಯ ಬೆಲೆ ಏರಿ ನಮ್ಮ ವಿದೇಶೀ ವಿನಿಮಯದ ಬೊಕ್ಕಸ ಬರಿದಾಗತೊಡಗಿದುದನ್ನು ಹಿರಿಯರು ಮರೆತಿರಲಾರರು. ಆಪತ್ಕಾಲಕ್ಕೆಂದು ಮುಂದೆ ಮೂರು ಕಡೆ ನೆಲದಡಿಯ ಗುಹೆಗಳು ಸಿದ್ಧವಾದವು: ವಿಶಾಖಪಟ್ಟಣದಲ್ಲಿ ೧೩.೩ ಲಕ್ಷ ಟನ್, ಮಂಗಳೂರಿನಲ್ಲಿ ೧೫ ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ೨೫ ಲಕ್ಷ ಟನ್. ಎಂದರೆ ನಾಲ್ಕರಲ್ಲಿ ಮೂರು ಪಾಲು ಕರ್ನಾಟಕದ್ದೇ!

ಸುಮಾರು ೩೦ ಮೀಟರ್ ಎತ್ತರದ ಈ ಗುಹೆಗಳಿಗೆ ಉಕ್ಕಿನ ಒಳಕವಚವಿಲ್ಲ. ಬಿರುಕುಗಳಿರುವ ಬಂಡೆಯಲ್ಲಿ ಎಣ್ಣೆ ಸೋರುವುದಿಲ್ಲವೇ? ತೂತುಕೊಡವನ್ನು ಕೊಳದಲ್ಲಿ ಅದುಮಿ ನೋಡಿರಿ. ನೀರು ಒಳನುಗ್ಗುವುದೇ ಹೊರತು ಒಳಗಿನದು ಹೊರಬೀಳದು. ಗುಹೆಗಳನ್ನು ಅಂತರ್ಜಲದ ಮಟ್ಟಕ್ಕಿಂತ ಕೆಳಗೆ ಕೊರೆದಿರುವುದರಿಂದ ಸುತ್ತಣ ನೀರಿನ ಒತ್ತಡವೇ ಎಣ್ಣೆಯನ್ನು ತಡೆದು ನಿಲ್ಲಿಸುತ್ತದೆ. ಆ ಒತ್ತಡ ಕುಂದದಂತೆ ಗುಹೆಗಳ ಮೇಲ್ಗಡೆ ರಂಧ್ರಗಳನ್ನು ಕೊರೆದು ಸದಾ ನೀರು ತುಂಬಿರುತ್ತಾರೆ. ಇದಕ್ಕೆ ‘ನೀರಿನ ಪರದೆ’ಯೆಂದು ಹೆಸರು. ಒಳಗೆ ಜಿನುಗಿದ ನೀರು ಎಣ್ಣೆಗಿಂತ ಭಾರವಾದುದರಿಂದ ತಳದಲ್ಲಿ ಸೇರುತ್ತದೆ. ಅದನ್ನು ಪಂಪಿನಿಂದ ಹೊರತೆಗೆದು ಶುದ್ಧಿಗೊಳಿಸುತ್ತಾರೆ.

ಆದುದರಿಂದ ಇಲ್ಲಿ ಭೂವಿಜ್ಞಾನಿಯ ಪರೀಕ್ಷೆಯೇ ಮೊದಲು, ಸಿಡಿಮದ್ದು ಆಮೇಲೆ. ಬಂಡೆಯ ತಿರುಳನ್ನು ಉದ್ದುದ್ದ ಕೊರೆದು ತೆಗೆದು, ಬಿರುಕುಗಳು ಯಾವ ದಿಕ್ಕಿಗೆ ಓಡುತ್ತವೆ, ಎಷ್ಟು ನೀರನ್ನು ಹಾಯಗೊಡುತ್ತವೆ ಎಂಬುದನ್ನು ಅಳೆಯಬೇಕು. ದುರ್ಬಲವಾದೆಡೆ ಉಕ್ಕಿನ ಮೊಳೆ ಬಡಿದು, ಕಾಂಕ್ರೀಟು ಸಿಂಪಡಿಸಿ ಬಿಗಿಗೊಳಿಸಬೇಕು. ಎಣ್ಣೆ ತುಂಬಿದ ಬಳಿಕವೂ ಸುತ್ತಲಿನ ನೀರಿನ ಮಟ್ಟದ ಮೇಲೆ ಕಣ್ಣಿಟ್ಟಿರಬೇಕು.

ಮೂರೂ ಕಣಜಗಳು ತುಂಬಿದರೆ, ೨೦೧೯–೨೦ರ ಬಳಕೆಯ ಲೆಕ್ಕದಲ್ಲಿ, ದೇಶಕ್ಕೆ ಸುಮಾರು ಒಂಬತ್ತೂವರೆ ದಿನ ಸಾಲುವುದು. ಇದು ಸಾಲದೆಂದೇ ಪಾದೂರಿನಲ್ಲಿ ಇನ್ನೂ ೨೫ ಲಕ್ಷ ಟನ್ನಿನ ಗುಹೆಗಳಿಗೆ ೨೦೨೧ರಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆಯಿತ್ತಿತು. ನೆರೆಹೊರೆಯ ಬಾವಿಗಳಿಗೂ ಈ ಗುಹೆಗಳಿಗೂ ನೆಲದೊಳಗಿನ ನೀರು ಒಂದೇ. ಅದು ಬತ್ತಿದರೆ ಊರಿನವರ ಕೊಡಕ್ಕೂ ಕೇಡು, ದೇಶದ ಕಣಜಕ್ಕೂ ಕೇಡು. ಎಣ್ಣೆಯನ್ನು ಕಾಯಬೇಕಾದರೆ ಮೊದಲು ನೀರನ್ನು ಕಾಯಬೇಕಷ್ಟೆ.