ಠಾಣೆಯ ಮುಂದೆ ತರುಣರು: ವರ್ಣಭೇದ, ಪೋಲೀಸು ಬಲ ಮತ್ತು ವಿದ್ಯಾರ್ಥಿ ಚಳವಳಿ

ಕಪ್ಪು ಜನಾಂಗದವರ ಮೇಲೆ ಪೋಲೀಸರು ನಡೆಸುವ ಹಿಂಸೆಯನ್ನು ವಿರೋಧಿಸಿ ತರುಣರು ಬೀದಿಗಿಳಿಯುವುದು ಅಮೆರಿಕದ ಚರಿತ್ರೆಗೆ ಮಾತ್ರ ಸೇರಿದ ವಿಷಯವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಉತ್ತರ ಬೆಂಗಳೂರಿನ ಈಚಿನ ಚರಿತ್ರೆ ಈ ಭಾವನೆಯನ್ನು ಸಮರ್ಥಿಸುವುದಿಲ್ಲ. ಇಂಥ ಚಳವಳಿಯನ್ನು ನಡೆಸಲು ಶಕ್ತರಾದವರು ಯಾರು, ಯಾರ ಪರವಾಗಿ ಯಾರು ನಿಲ್ಲಬೇಕಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ನಾವು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಮೊದಲು ನಮ್ಮ ಊರಿನ ಸಂಗತಿ. ಆಫ್ರಿಕದ ನಾನಾ ದೇಶಗಳ ತರುಣರು ವ್ಯಾಸಂಗಕ್ಕಾಗಿ ಬೆಂಗಳೂರಿಗೆ ಬಂದು, ನಗರದ ಉತ್ತರದ ಬಡಾವಣೆಗಳಲ್ಲಿ ಬಾಡಿಗೆಯ ಮನೆಗಳಲ್ಲಿ ವಾಸಿಸುತ್ತಿರುವುದು ಎಲ್ಲರೂ ಬಲ್ಲ ವಿಷಯ. ೨೦೧೬ನೆಯ ಜನವರಿ ೩೧ರಂದು, ಯಶವಂತಪುರದಿಂದಾಚೆ ಹೆಸರಘಟ್ಟದ ದಿಕ್ಕಿನ ರಸ್ತೆಯಲ್ಲಿ, ಸೂಡಾನಿನವನೊಬ್ಬನ ಕಾರು ತಗಲಿ ಸ್ಥಳೀಯ ಮಹಿಳೆಯೊಬ್ಬಳು ಮೃತಳಾದಳು. ಅನಂತರ ಆ ದಾರಿಯಲ್ಲಿ ಬಂದ, ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಎರಗಿತು. ಮೈಬಣ್ಣವೊಂದೇ ಆಕೆಯ ಅಪರಾಧವಾಯಿತು. ಈ ಪ್ರಸಂಗದಲ್ಲಿ ಕರ್ತವ್ಯಲೋಪಕ್ಕಾಗಿ ಕೆಲವು ಪೋಲೀಸರು ಅಮಾನತುಗೊಂಡರು. ಅಲ್ಲಿ ಆಕ್ಷೇಪವಿದ್ದುದು ಪೋಲೀಸರ ನಿಷ್ಕ್ರಿಯತೆಯ ಮೇಲೆ. ಐದು ವರ್ಷಗಳ ಬಳಿಕ ಅದು ಪೋಲೀಸರ ಕ್ರಿಯೆಯ ಮೇಲೆಯೇ ಬಂದಿತು.

ರವೀಂದ್ರನಾಥ ಠಾಕೂರ್ ನಗರಕ್ಕೆ ಸಮೀಪದ ಜಯಚಾಮರಾಜೇಂದ್ರ ನಗರದ ಪೋಲೀಸರು ೨೦೨೧ನೆಯ ಆಗಸ್ಟ್ ೧ರಂದು ಮಾದಕವಸ್ತುವಿನ ಆರೋಪದ ಮೇಲೆ ಕಾಂಗೋ ದೇಶದ ೨೭ ವರ್ಷದ ತರುಣನೊಬ್ಬನನ್ನು ಹಿಡಿದರು. ಮರುದಿನ ಬೆಳಗಾಗುವಷ್ಟರಲ್ಲಿ ಅವನು ಅಸುನೀಗಿದ್ದನು. ವೀಸಾದ ಅವಧಿ ಮುಗಿದಿದ್ದರೂ ಆತ ದೇಶದಲ್ಲಿ ಉಳಿದಿದ್ದನೆಂದೂ, ಹೃದಯಸ್ತಂಭನದಿಂದ ಮರಣ ಸಂಭವಿಸಿತೆಂದೂ ಪೋಲೀಸರು ಹೇಳಿದರು. ಆಫ್ರಿಕದ ತರುಣರು ಆ ಮಾತನ್ನು ನಂಬದೆ ಠಾಣೆಯ ಮುಂದೆ ನೆರೆದರು. ಅವರು ತಮ್ಮ ಮೇಲೆ ಕೈಮಾಡಿದರೆಂದು ಹೇಳಿ ಪೋಲೀಸರು ಲಾಠಿ ಬೀಸಿದರು, ಕೆಲವರನ್ನು ಬಂಧಿಸಿದರು. ತನಿಖೆಯನ್ನು ರಾಜ್ಯದ ಅಪರಾಧ ತನಿಖಾ ಇಲಾಖೆಗೆ ವಹಿಸಲಾಯಿತು. ಕೆಲವೇ ದಿನಗಳಲ್ಲಿ ಕಾಂಗೋದ ರಾಜಧಾನಿ ಕಿನ್ಷಾಸದಲ್ಲಿ ಭಾರತೀಯರ ಅಂಗಡಿಗಳ ಮೇಲೆ ದಾಳಿಗಳಾದವು. ಒಂದು ಠಾಣೆಯ ಒಂದು ರಾತ್ರಿಯ ಸಂಗತಿಗೆ ದೂರದ ಊರಿನ ನಿರಪರಾಧಿ ವರ್ತಕರು ಬೆಲೆ ತೆರಬೇಕಾಯಿತು.

ಈ ಪ್ರತಿಭಟನೆ ಏಕೆ ಬಹುಬೇಗ ಚದರಿತು? ಉತ್ತರವನ್ನು ಅರಸಲು ಅಮೆರಿಕದ ಒಂದು ನಿದರ್ಶನ ನೆರವಾಗುತ್ತದೆ. ಅಲಬಾಮಾ ಸಂಸ್ಥಾನದ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ೧೯೬೩ರ ವಸಂತದಲ್ಲಿ ವರ್ಣಭೇದದ ವಿರುದ್ಧ ನಡೆದ ಚಳವಳಿ ಕುಂಠಿತವಾಗಿತ್ತು. ಸೆರೆಗೆ ಹೋದರೆ ದುಡಿಯುವ ತಂದೆತಾಯಿಗಳ ಕೆಲಸ ಹೋಗುತ್ತಿತ್ತು. ಸಂಸಾರ ಬೀದಿಗೆ ಬೀಳುತ್ತಿತ್ತು. ಜೇಮ್ಸ್ ಬೆವೆಲ್ ಎಂಬ ಮುಖಂಡನು ಶಾಲೆಯ ಮಕ್ಕಳನ್ನು ಕರೆದು, ಅಹಿಂಸೆಯ ಶಿಕ್ಷಣ ಕೊಟ್ಟು ಸಿದ್ಧಪಡಿಸಿದನು. ಮೇ ೨ರಂದು ಅವರು ಇಗರ್ಜಿಯೊಂದರಿಂದ ಹಾಡುತ್ತ ಹೊರಟರು. ನೂರಾರು ಮಕ್ಕಳು ಬಂಧಿತರಾದರು. ಮರುದಿನ ಪೋಲೀಸರ ನಾಯಿಗಳೂ, ಬೆಂಕಿ ಆರಿಸುವ ಕೊಳವೆಗಳ ನೀರೂ ಮಕ್ಕಳ ಮೇಲೆ ನುಗ್ಗಿದ ಚಿತ್ರಗಳು ಜಗತ್ತಿಗೆಲ್ಲ ಹರಡಿದವು. ಮೇ ೧೦ರಂದು ಒಪ್ಪಂದವಾಯಿತು. ಸಾವಿರಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಶಾಲೆಗಳಿಂದ ಹೊರಗಿಡಲು ಶಿಕ್ಷಣ ಮಂಡಲಿ ಹೊರಡಿಸಿದ ಆಜ್ಞೆಯನ್ನು ಮೇಲಣ ನ್ಯಾಯಾಲಯ ಕೆಲವೇ ದಿನಗಳಲ್ಲಿ ತಡೆಯಿತು. ೨೦೨೦ರಲ್ಲಿ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡನ ಕೊಲೆಯನ್ನು ಚಿತ್ರೀಕರಿಸಿದವಳು ೧೭ ವರ್ಷದ ಹುಡುಗಿ. ಅದೇ ಜೂನ್ ೪ರಂದು ನ್ಯಾಷ್‌ವಿಲ್ ನಗರದಲ್ಲಿ ಸಾವಿರಾರು ಜನ ಸೇರಿದ ಮೆರವಣಿಗೆಯನ್ನು ಏರ್ಪಡಿಸಿದವರು ೧೪ರಿಂದ ೧೬ ವರ್ಷದ ಆರು ಮಂದಿ ಬಾಲಿಕೆಯರು.

ಬರ್ಮಿಂಗ್‌ಹ್ಯಾಮಿನ ಮಕ್ಕಳ ಧೈರ್ಯವನ್ನು ಹೊಗಳುವುದು ಸುಲಭ. ಆದರೆ ಚರಿತ್ರೆಯ ವಿದ್ಯಾರ್ಥಿ ಗಮನಿಸಬೇಕಾದುದು ಬೇರೊಂದು. ಹೆಚ್ಚು ಕಳೆದುಕೊಳ್ಳುವವರ ಬದಲಿಗೆ ಕಡಿಮೆ ಕಳೆದುಕೊಳ್ಳುವವರು ಮುಂದೆ ನಿಂತರು. ಅದೂ ಅಲ್ಲದೆ ಅವರು ಆ ದೇಶದ ಪ್ರಜೆಗಳು. ಸಭೆ ಸೇರುವ ಹಕ್ಕನ್ನು ನ್ಯಾಯಾಲಯದಲ್ಲಿ ಕೇಳಬಲ್ಲವರು. ನಮ್ಮ ಠಾಣೆಯ ಮುಂದೆ ನಿಂತವರ ಸ್ಥಿತಿ ಇದಕ್ಕೆ ತೀರ ವಿರುದ್ಧವಾಗಿತ್ತು. ಅತ್ಯಂತ ಹೆಚ್ಚು ಕಳೆದುಕೊಳ್ಳಬಲ್ಲವರೇ ಅಲ್ಲಿ ಒಬ್ಬಂಟಿಗರಾಗಿ ನಿಂತರು.

ಈ ವ್ಯತ್ಯಾಸ ನಮ್ಮ ಸಂವಿಧಾನದಲ್ಲಿಯೇ ಅಡಗಿದೆ. ೨೧ನೆಯ ಅನುಚ್ಛೇದ ಜೀವವನ್ನೂ ಸ್ವಾತಂತ್ರ್ಯವನ್ನೂ ಕಾಪಾಡುವುದು 'ವ್ಯಕ್ತಿ'ಗೆ. ಅಂದರೆ ಈ ನೆಲದಲ್ಲಿರುವ ವಿದೇಶೀಯನಿಗೂ ಆ ರಕ್ಷೆ ಉಂಟು. ಸರ್ವೋಚ್ಚ ನ್ಯಾಯಾಲಯವು ೧೯೯೬ರಲ್ಲಿ, ಅರುಣಾಚಲದ ಚಕ್ಮಾ ಜನರ ವಿಷಯದಲ್ಲಿ, ಇದನ್ನು ಸ್ಪಷ್ಟಪಡಿಸಿತು. ಆದರೆ ಶಾಂತಿಯಿಂದ ಸಭೆ ಸೇರುವ ಹಕ್ಕನ್ನು ೧೯ನೆಯ ಅನುಚ್ಛೇದ ಕೊಡುವುದು 'ಪ್ರಜೆ'ಗೆ ಮಾತ್ರ. ಠಾಣೆಯಲ್ಲಿ ಸಾಯದಿರುವ ಹಕ್ಕು ವಿದೇಶೀಯ ವಿದ್ಯಾರ್ಥಿಗೆ ಇದೆ. ಸತ್ತವನಿಗಾಗಿ ಬೀದಿಯಲ್ಲಿ ಸೇರುವ ಹಕ್ಕು ಅವನಿಗೆ ಇಲ್ಲ. ಮೊದಲನೆಯ ಹಕ್ಕನ್ನು ಉಳಿಸಲು ಎರಡನೆಯದು ಬೇಕು. ಅದಿರುವುದು ಅವನ ಪಕ್ಕದ ಬೆಂಚಿನ ಸಹಪಾಠಿಯ ಬಳಿ.

ಆ ಸಹಪಾಠಿ ಏನು ಮಾಡಬಲ್ಲನು? ಮೆರವಣಿಗೆಯೊಂದೇ ಮಾರ್ಗವಲ್ಲ. ೧೯೮೬ರಲ್ಲಿ ಪಶ್ಚಿಮ ಬಂಗಾಳದ ಡಿ. ಕೆ. ಬಸು ಅವರು ಪೋಲೀಸರ ವಶದಲ್ಲಿ ಸಂಭವಿಸಿದ ಸಾವುಗಳ ವರದಿಗಳನ್ನು ಪತ್ರಿಕೆಗಳಲ್ಲಿ ಓದಿ, ದೇಶದ ಮುಖ್ಯ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರು. ಆ ಪತ್ರವೇ ಅರ್ಜಿಯಾಗಿ, ೧೯೯೬ರ ಡಿಸೆಂಬರಿನಲ್ಲಿ ತೀರ್ಪು ಬಂದಿತು. ದಸ್ತಗಿರಿಯ ಪತ್ರಕ್ಕೆ ಸಾಕ್ಷಿಯ ರುಜು ಇರಬೇಕು. ಬಂಧಿತನ ಆಪ್ತರಿಗೆ ಸುದ್ದಿ ಮುಟ್ಟಬೇಕು. ೪೮ ಗಂಟೆಗೊಮ್ಮೆ ವೈದ್ಯಕೀಯ ಪರೀಕ್ಷೆ ನಡೆಯಬೇಕು. ಪೋಲೀಸರ ವಶದಲ್ಲಿ ಸಾವಾದರೆ ಮ್ಯಾಜಿಸ್ಟ್ರೇಟರ ವಿಚಾರಣೆ ಆಗತಕ್ಕದ್ದೆಂಬ ನಿಯಮ ೨೦೦೫ರ ತಿದ್ದುಪಡಿಯಿಂದ ದಂಡಪ್ರಕ್ರಿಯಾ ಸಂಹಿತೆಗೆ ಸೇರಿತು; ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೬ನೆಯ ಪ್ರಕರಣದಲ್ಲಿಯೂ ಅದು ಉಳಿದಿದೆ. ಆಪ್ತರಿಗೆ ತಿಳಿಸಬೇಕೆಂಬ ನಿಯಮ, ಆಪ್ತರು ಆರು ಸಾವಿರ ಕಿಲೋಮೀಟರು ದೂರದಲ್ಲಿರುವವನ ಪಾಲಿಗೆ, ಅದೇ ಊರಿನ ಗೆಳೆಯನೊಬ್ಬನಿದ್ದರೆ ಮಾತ್ರ ಸಫಲವಾಗುತ್ತದೆ.

ಕನ್ನಡ ನಾಡಿಗೆ ಇಂಥ ಪರಂಪರೆ ಹೊಸದಲ್ಲ. ೧೯೪೨ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಪೋಲೀಸರ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಶಾಲೆಗೆ ಹೋಗುವ ವಯಸ್ಸಿನ ಬಾಲಕ. ಅಂದು ನಮ್ಮವರಿಗೆ ಪ್ರಜೆಯ ಹಕ್ಕು ಇರಲಿಲ್ಲ. ಅದನ್ನು ಪಡೆಯಲೆಂದೇ ಅವರು ಹೋರಾಡಿದರು. ಇಂದು ಅದು ನಮ್ಮ ಕೈಯಲ್ಲಿದೆ. ಅದಿಲ್ಲದ ಸಹಪಾಠಿಗಾಗಿ ಅದನ್ನು ಬಳಸುವೆವೋ ಇಲ್ಲವೋ ಎಂಬುದನ್ನು ನಮ್ಮ ಕಾಲೇಜುಗಳ ವಿದ್ಯಾರ್ಥಿ ಸಂಘಗಳು ಆಲೋಚಿಸಬೇಕಾಗಿದೆ.